ಮಿಸ್ ಮಾರ್ವಾ ಬೇಡವೆಂದ ಬೆಳ್ಳಿ

ಬ್ರ್ಯಾಂಪ್ಟನ್

ತಿಪಟೂರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಕಿಟಕಿಯ ಹಿಂದೆ ನನ್ನ ನೌಕರಿಯ ಬಹುಪಾಲು ಕಳೆಯಿತು. ಊರೂರಿಗೆ ಹೋಗುವವರನ್ನು ಕಳಿಸಿಕೊಡುವುದೇ ಕೆಲಸವಾದವನಿಗೆ ತಾನೂ ಎಲ್ಲಿಗಾದರೂ ಹೋಗಬೇಕೆಂದು ಅನ್ನಿಸುವುದಿಲ್ಲ. ಅಂಥ ನಾನು ನಿವೃತ್ತನಾದ ಮೇಲೆ ಕೆನಡಾಕ್ಕೆ ಹೋಗಿಬಂದೆ ಎಂದರೆ ಊರಲ್ಲಿ ಇನ್ನೂ ಕೆಲವರು ನಂಬುವುದಿಲ್ಲ. ನಂಬಿದವರು ಮೊದಲು ಕೇಳುವುದು ಆ ದೊಡ್ಡ ಜಲಪಾತ ನೋಡಿದಿರಾ ಎಂದು. ನೋಡಿದೆ, ಚೆನ್ನಾಗಿದೆ. ಆದರೆ ನಾನು ಹೇಳಹೊರಟಿರುವುದು ಅದನ್ನಲ್ಲ.

ನಾನು ಹೋದದ್ದು ತಂಗಿ ಗಿರಿಜೆಯ ಒತ್ತಾಯಕ್ಕೆ. ಅವಳ ಮಗಳು ಚೈತ್ರಾ ಟೊರೊಂಟೊ ಪಕ್ಕದ ಬ್ರ್ಯಾಂಪ್ಟನ್‌ನಲ್ಲಿದ್ದಾಳೆ. ಓದಲು ಹೋದವಳು ಅಲ್ಲೇ ಪುಟ್ಟ ಮಕ್ಕಳ ಡೇಕೇರ್ ಒಂದರಲ್ಲಿ ಟೀಚರಾಗಿ ಸೇರಿಕೊಂಡು, ನಾಲ್ಕು ವರ್ಷದಿಂದ ಊರಿನ ಮುಖ ನೋಡಿರಲಿಲ್ಲ. ಮನಸ್ಸಿಲ್ಲದೆ ಅಲ್ಲ. ಅವಳ ವರ್ಕ್ ಪರ್ಮಿಟ್ಟಿನಲ್ಲಿ ಒಬ್ಬರೇ ಒಬ್ಬ ಮಾಲೀಕರ ಹೆಸರಿತ್ತು. ಅವರಲ್ಲಿ ಬಿಟ್ಟು ಬೇರೆಲ್ಲೂ ಕೆಲಸ ಮಾಡುವಂತಿಲ್ಲ. ಆ ಪರ್ಮಿಟ್ಟು ಅಲ್ಲಿನ ಬೇಸಿಗೆ ಮುಗಿಯುವಷ್ಟರಲ್ಲಿ ಮುಗಿಯುವುದಿತ್ತು. ಅಷ್ಟರೊಳಗೆ ಅದೇ ಮಾಲೀಕರ ಬೆಂಬಲದ ಮೇಲೆ ಕಾಯಂ ವಾಸದ ಹಕ್ಕು, ಅಂದರೆ ಎಲ್ಲರ ಬಾಯಲ್ಲೂ ಇರುವ ಪಿಆರ್, ಸಿಗಬೇಕು. ಸಿಗದಿದ್ದರೆ ಗಂಟುಮೂಟೆ ಕಟ್ಟಬೇಕು. ನಡುವೆ ಊರಿಗೆ ಹೋದರೆ ಮತ್ತೆ ಒಳಗೆ ಬಿಡುತ್ತಾರೋ ಇಲ್ಲವೋ ಎಂಬ ಅಳುಕು. ಇದನ್ನೆಲ್ಲ ಅವಳು ಫೋನಿನಲ್ಲಿ ಎಷ್ಟು ಸಲ ವಿವರಿಸಿದರೂ ನನಗೆ ತಲೆಗೆ ಹೋಗಿರಲಿಲ್ಲ. ಕೊನೆಗೆ ನನ್ನ ಬುದ್ಧಿಗೆ ಎಟುಕಿದ್ದು ಇಷ್ಟು: ಹುಡುಗಿಯ ಕೈಯಲ್ಲಿರುವುದು ಒಂದೇ ರೂಟಿನ ಪಾಸು, ಅವಳಿಗೆ ಬೇಕಾಗಿರುವುದು ಎಲ್ಲ ಬಸ್ಸಿಗೂ ಆಗುವ ಪಾಸು.

ಗಿರಿಜೆಗೆ ಮಂಡಿನೋವು, ಅಷ್ಟು ಹೊತ್ತು ವಿಮಾನದಲ್ಲಿ ಕೂರಲಾರಳು. ಹೊರಡುವ ಹಿಂದಿನ ದಿನ ಬೆಳ್ಳಿಯ ತಟ್ಟೆ, ಬೆಳ್ಳಿಯ ಕುಂಕುಮ ಭರಣಿ, ಒಂದು ರೇಷ್ಮೆ ಸೀರೆ ತಂದು ನನ್ನ ಸೂಟ್‌ಕೇಸಿನಲ್ಲಿಟ್ಟಳು. "ಅಣ್ಣ, ನನ್ ಮಗಳನ್ನ ಕಾಯಂ ಮಾಡಿಸಿಕೊಡ್ತಿರೋ ಆಯಮ್ಮನ್ ಹತ್ರ ಬರಿಗೈಲಿ ಹೋಗ್ಬೇಡ. ಚೈತ್ರಂಗೆ ಹೇಳ್ಬೇಡ, ಅವ್ಳು ಬ್ಯಾಡ ಅಂತಾಳೆ." ತಂಗಿಯ ಮಾತು ನನಗೂ ಸರಿಯೆನಿಸಿತು.

ಚೈತ್ರಾ ಇದ್ದದ್ದು ಒಬ್ಬ ಪಂಜಾಬಿ ಹಿರಿಯರ ಮನೆಯ ಬೇಸ್‌ಮೆಂಟಿನಲ್ಲಿ. ಮನೆ ಎಂದರೆ ಕಿಟಕಿಯಿಂದ ಬೀದಿ ಕಾಣಬೇಕು ಎಂದುಕೊಂಡವನಿಗೆ ಅಲ್ಲಿ ಬೀದಿಯಲ್ಲಿ ಹೋಗುವವರ ಪಾದ ಮಾತ್ರ ಕಾಣುತ್ತಿತ್ತು. ಎರಡು ದಿನದಲ್ಲಿ ಸಾಕ್ಸಿನ ಮೇಲೆ ಹವಾಯಿ ಚಪ್ಪಲಿ ಮೆಟ್ಟಿ ಹಿಮದಲ್ಲಿ ಓಡಾಡುವವರು ಮನೆಯೊಡೆಯರೆಂದು ಗುರುತು ಹಿಡಿದೆ. ಮಾರ್ಚಿ ಮುಗಿಯುತ್ತಾ ಬಂದಿದ್ದರೂ ಅಲ್ಲಿ ಹಿಮ ಕರಗಿರಲಿಲ್ಲ. ಆದರೆ ಒಳಗೆ ಹದವಾಗಿ ಬೆಚ್ಚಗಿತ್ತು, ನಲ್ಲಿ ತಿರುಗಿಸಿದರೆ ಬಿಸಿನೀರು. ಮೇಲಿನ ಮನೆಯವರು ಬೆಳಿಗ್ಗೆ ಬಾಗಿಲು ತಟ್ಟಿ ಪರೋಟ ಕೊಟ್ಟು, ನನಗೆ ಬಾರದ ಹಿಂದಿಯಲ್ಲಿ ನನ್ನ ಆರೋಗ್ಯ ವಿಚಾರಿಸಿ ಹೋಗುತ್ತಿದ್ದರು. ನೆಲದೊಳಗೂ ಒಂದು ಸಂಸಾರ ಇಷ್ಟು ಚೆನ್ನಾಗಿ ನಡೆಯಬಹುದೆಂದು ನನಗೆ ಗೊತ್ತಿರಲಿಲ್ಲ.

ಬಸ್ಸಿನಲ್ಲಿ

ಬಸ್ಸಿನ ವಿಷಯಕ್ಕೆ ಬಂದರೆ ನನ್ನನ್ನು ಯಾರೂ ಸುಲಭವಾಗಿ ಮೆಚ್ಚಿಸಲಾರರು. ಆದರೆ ಬ್ರ್ಯಾಂಪ್ಟನ್ನಿನ ಬಸ್ಸು ಮೊದಲ ದಿನವೇ ನನ್ನ ಸೊಕ್ಕು ಮುರಿಯಿತು. ನಿಲ್ದಾಣದಲ್ಲಿ ಊರುಗೋಲು ಹಿಡಿದ ಅಜ್ಜಿಯೊಬ್ಬರಿದ್ದರು. ಬಸ್ಸು ಬಂದು ನಿಂತದ್ದೇ ಉಸ್ಸೆಂದು ಉಸಿರು ಬಿಟ್ಟು ಅಜ್ಜಿಯ ಕಡೆಗೆ ಬಾಗಿತು. ನಿಜವಾಗಿಯೂ ಬಾಗಿತು, ದಸರಾ ಆನೆ ಮಂಡಿಯೂರಿದ ಹಾಗೆ. ಅಜ್ಜಿ ಹತ್ತಿ ಕೂರುವ ತನಕ ಚಾಲಕ ಹೊರಡಲಿಲ್ಲ, ಹಿಂದಿನಿಂದ ಯಾರೂ ಹಾರ್ನ್ ಬಾರಿಸಲಿಲ್ಲ. ನಮ್ಮಲ್ಲಿ ಮುದುಕರು ಒಂದು ಕಾಲು ಮೆಟ್ಟಿಲ ಮೇಲಿಡುವಷ್ಟರಲ್ಲಿ ನಾನೇ ಸೀಟಿ ಊದಿ ಬಸ್ಸು ಹೊರಡಿಸಿದ್ದು ನೆನಪಾಯಿತು.

ಅದಕ್ಕಿಂತ ಬೆರಗಾದದ್ದು ಇಳಿಯುವಾಗ. ಇಳಿಯುವ ಪ್ರತಿಯೊಬ್ಬರೂ ಚಾಲಕನಿಗೆ ಕೇಳುವಂತೆ ಥ್ಯಾಂಕ್ಯೂ ಹೇಳಿ ಇಳಿಯುತ್ತಾರೆ. ಕಿವಿಗೆ ತಂತಿ ಸಿಕ್ಕಿಸಿಕೊಂಡ ಹುಡುಗರು ಸಹ. ನನ್ನ ಡಿಪೊದ ಚಾಲಕರಿಗೆ ಪ್ರಯಾಣಿಕರಿಂದ ಏನೇನು ಕೇಳಿಬರುತ್ತಿತ್ತೋ ಅದನ್ನು ಇಲ್ಲಿ ಬರೆಯಲಾಗದು.

ನಾನೂ ಹೇಳಬೇಕೆಂದು ಹಿಂಬಾಗಿಲಲ್ಲಿ ಸಿದ್ಧನಾಗಿ ನಿಂತೆ. ಬಾಗಿಲು ತೆರೆಯಲಿಲ್ಲ. ಅದನ್ನು ಕೈಯಿಂದ ಮೆಲ್ಲಗೆ ತಳ್ಳಬೇಕಂತೆ, ನಾನು ಗಂಭೀರವಾಗಿ ಕಾಯುತ್ತಾ ನಿಂತಿದ್ದೆ. ಬಸ್ಸು ಹೊರಡಬೇಕು ಎನ್ನುವಷ್ಟರಲ್ಲಿ ಇಡೀ ಬಸ್ಸು ಒಂದೇ ಕಂಠದಲ್ಲಿ "ಬ್ಯಾಕ್ ಡೋರ್" ಎಂದು ಕೂಗಿತು. ಯಾರೂ ನಗಲಿಲ್ಲ, ಯಾರೂ ಗೊಣಗಲಿಲ್ಲ. ಗಾಬರಿಯಲ್ಲಿ ಥ್ಯಾಂಕ್ಯೂ ಹೇಳುವುದು ಮರೆತುಹೋಗಿ, ಇಳಿದ ಮೇಲೆ ಹೊರಟುಹೋಗುತ್ತಿದ್ದ ಬಸ್ಸಿಗೆ ಕೈಮುಗಿದೆ.

ರೆಕ್ಸ್‌ಡೇಲ್

ಚೈತ್ರಾಳ ಡೇಕೇರ್ ಇದ್ದದ್ದು ರೆಕ್ಸ್‌ಡೇಲ್‌ನಲ್ಲಿ, ಬ್ರ್ಯಾಂಪ್ಟನ್ನಿನಿಂದ ಎರಡು ಬಸ್ಸು. ಸುತ್ತ ಕಾರ್ಖಾನೆ, ಉದ್ದುದ್ದ ಗೋದಾಮು, ಎತ್ತರದ ಹಳೆಯ ಅಪಾರ್ಟ್‌ಮೆಂಟುಗಳು. ಒಂದು ಮಧ್ಯಾಹ್ನ ನಾನೇ ಹಟ ಮಾಡಿ ಅವಳನ್ನು ಕರೆತರಲು ಹೋದೆ. ಹೆಗಲಿನ ಚೀಲದಲ್ಲಿ ಗಿರಿಜೆಯ ಬೆಳ್ಳಿಯಿತ್ತು.

ಬಾಗಿಲು ತೆರೆದವರು ಮಾಲಕಿ. ಮಕ್ಕಳಿಂದ ಹಿಡಿದು ತಾಯಿತಂದೆಯರವರೆಗೆ ಎಲ್ಲರಿಗೂ ಅವರು ಮಿಸ್ ಮಾರ್ವಾ. ಜಮೈಕಾದವರು, ಅರವತ್ತು ದಾಟಿದವರು, ನೆಟ್ಟಗಿನ ಬೆನ್ನು. ನಾನು ಚೈತ್ರಾಳ ಸೋದರಮಾವನೆಂದು ಹೇಳಿಕೊಂಡರೂ ಮಕ್ಕಳಿರುವ ಕೋಣೆಗೆ ಬಿಡಲಿಲ್ಲ. ಪೊಲೀಸ್ ತಪಾಸಣೆ ಆಗದ ಯಾರೂ ಒಳಗೆ ಬರುವಂತಿಲ್ಲ ಎಂದು ನಯವಾಗಿ ಹೇಳಿ, ಬೂಟುಗಳನ್ನಿಡುವ ಮೊಗಸಾಲೆಯಲ್ಲಿ ಕುರ್ಚಿ ಹಾಕಿಕೊಟ್ಟರು. ಮೊದಲು ಅವಮಾನವೆನಿಸಿತು. ನಮ್ಮೂರ ಅಂಗನವಾಡಿಯೊಳಗೆ ಮೇಯಲು ಬಂದ ಕರು ಕೂಡ ಹೋಗಿಬರುತ್ತದೆ ಎಂಬುದು ನೆನಪಾದಾಗ ಸಿಟ್ಟು ಇಳಿದು ಗೌರವ ಹುಟ್ಟಿತು.

ಅಲ್ಲಿ ಕೂತು ನೋಡಿದ ಒಂದು ಸಂಗತಿ ಹೇಳಲೇಬೇಕು. ಮಕ್ಕಳು ಹೊರಗೆ ಆಡಲು ಹೊರಟರು. ಮೂರು ವರ್ಷ ತುಂಬಿದ್ದರೆ ಹೆಚ್ಚು. ಇಷ್ಟು ಜನಕ್ಕೆ ದಪ್ಪ ಕೋಟು ತೊಡಿಸುವಷ್ಟರಲ್ಲಿ ಕತ್ತಲಾಗುತ್ತದೆ ಎಂದುಕೊಂಡೆ. ಪ್ರತಿ ಮಗುವೂ ತನ್ನ ಕೋಟನ್ನು ನೆಲದ ಮೇಲೆ ಅಂಗಾತ ಹರಡಿ, ಅದರ ಕತ್ತಿನ ಕಡೆ ನಿಂತು, ಬಗ್ಗಿ ಎರಡೂ ತೋಳಿಗೆ ಕೈ ತೂರಿಸಿ, ತಲೆಯ ಮೇಲಿಂದ ಹಿಂದಕ್ಕೆ ಎಗರಿಸಿತು. ಕೋಟು ಮೈಮೇಲೆ. ಚೈತ್ರಾ ಕೈಕಟ್ಟಿ ನಿಂತು ನೋಡುತ್ತಿದ್ದಳು, ಒಬ್ಬರಿಗೂ ತೊಡಿಸಲಿಲ್ಲ. ಮಗ ಹೈಸ್ಕೂಲಿಗೆ ಹೋಗುವಾಗಲೂ ಶೂ ಲೇಸು ಕಟ್ಟಿಕೊಟ್ಟ ಮನೆ ನಮ್ಮದು.

ಆಟ ಮುಗಿದು ಚೈತ್ರಾ ಮಕ್ಕಳ ಕೈ ತೊಳೆಸಲು ಒಳಗೆ ಹೋದಳು. ಇದೇ ಸಮಯವೆಂದು ನಾನು ಎದ್ದು, ತಟ್ಟೆಯಲ್ಲಿ ಸೀರೆ, ಭರಣಿ, ದಾರಿಯಲ್ಲಿ ಕೊಂಡ ಎರಡು ಸೇಬು ಇಟ್ಟು ಮಿಸ್ ಮಾರ್ವಾ ಅವರ ಮುಂದೆ ಹಿಡಿದೆ. ಇದು ಹುಡುಗಿಯ ತಾಯಿ ಕಳಿಸಿದ್ದು, ನೀವು ಮಾಡುತ್ತಿರುವ ಉಪಕಾರಕ್ಕೆ ಎಂದೆ. ಅವರು ಎರಡು ಹೆಜ್ಜೆ ಹಿಂದೆ ಸರಿದು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. ಬೇಡ ಎಂದರು.

ನಮ್ಮಲ್ಲಿ ಯಾರು ತಾನೇ ಮೊದಲ ಸಲಕ್ಕೆ ಕೈ ಚಾಚುತ್ತಾರೆ? ಬೇಡ ಎನ್ನುವುದು ಅವರ ಮರ್ಯಾದೆ, ಬಿಡದೆ ಕೊಡುವುದು ನಮ್ಮ ಮರ್ಯಾದೆ. ಮತ್ತೊಮ್ಮೆ ಮುಂದೆ ಚಾಚಿದೆ. ಅವರು ಇನ್ನೂ ಗಟ್ಟಿಯಾಗಿ ಬೇಡವೆಂದರು. ಪಾಪ, ಸಂಕೋಚದ ಹೆಂಗಸು ಎಂದುಕೊಂಡು ತಟ್ಟೆಯನ್ನು ಮಕ್ಕಳ ಬೂಟಿನ ಹಲಗೆಯ ಮೇಲಿಟ್ಟು, ನಮಸ್ಕಾರ ಹೇಳಿ ಹೊರಗೆ ಬಂದುಬಿಟ್ಟೆ. ತಂಗಿ ಒಪ್ಪಿಸಿದ ಕೆಲಸ ಮುಗಿಸಿದ ಸಮಾಧಾನದಲ್ಲಿ ಬಸ್ ನಿಲ್ದಾಣದಲ್ಲಿ ನಿಂತಿದ್ದೆ.

ಚೈತ್ರಾ ಬಂದಾಗ ಅವಳ ಮುಖದಲ್ಲಿ ರಕ್ತವಿರಲಿಲ್ಲ.

"ಏನ್ ಮಾಡ್ಬಿಟ್ರಿ ಮಾವ? ಇಲ್ಲಿ ಜಾಬ್ ಆಫರನ್ನೇ ದುಡ್ಡಿಗೆ ಮಾರ್ಕೊಳ್ಳೋರಿದಾರೆ. ಹಂಗಾಗಿ ಎಲ್ರ ಮೇಲೂ ಡೌಟು. ಕೆಲ್ಸ ಕೊಡೋಕೆ ಏನಾದ್ರೂ ತಗೊಂಡ್ರಾ ಅಂತ ಆಫೀಸರು ಕೇಳ್ತಾರೆ. ಮಿಸ್ ಮಾರ್ವಾ ನನ್ ಕೈಯಿಂದ ಒಂದ್ ಕಪ್ ಕಾಫಿನೂ ಈಸ್ಕೊಳ್ಳಲ್ಲ, ಗೊತ್ತಾ?"

ನಾಳೆ ನಾನೇ ಬಂದು ಅದನ್ನು ವಾಪಸು ಒಯ್ಯಬೇಕಂತೆ. ಆಮೇಲೆ ಎಲ್ಲರೂ ವಕೀಲರಲ್ಲಿಗೆ ಹೋಗಬೇಕಂತೆ. ಚೈತ್ರಾಳ ಅರ್ಜಿಗೆ ಪ್ರಾಂತ್ಯ ಸರ್ಕಾರದವರು ಆಗಲೇ ಒಪ್ಪಿದ್ದರು, ಒಟ್ಟಾವಾದ ಕೇಂದ್ರ ಸರ್ಕಾರದ ಒಪ್ಪಿಗೆಯೊಂದು ಬಾಕಿಯಿತ್ತು. ವಕೀಲರು ಕೈಬಿಡಿ ಎಂದರೆ ಮಿಸ್ ಮಾರ್ವಾ ಕೈಬಿಡುತ್ತಾರೆ, ಡೇಕೇರಿನ ಲೈಸೆನ್ಸನ್ನೂ ಉಳಿದ ಟೀಚರುಗಳನ್ನೂ ಅವರು ನೋಡಬೇಕಲ್ಲ. ಬಸ್ಸು ಹತ್ತಿ ಕೂತ ಮೇಲೆ ಇಷ್ಟು ಹೇಳಿ ಅವಳು ಕಿಟಕಿಯ ಕಡೆ ತಿರುಗಿದಳು. ನಾಲ್ಕು ವರ್ಷ ಕಾದವಳ ಬಾಳನ್ನು ನಾನು ಹತ್ತು ದಿನದಲ್ಲಿ ಕೆಡಿಸಿದ್ದೆ. ಇಳಿಯುವಾಗ ಅವಳು ಚಾಲಕನಿಗೆ ಥ್ಯಾಂಕ್ಯೂ ಹೇಳುವುದನ್ನು ಮರೆಯಲಿಲ್ಲ, ನಾನು ಮರೆತೆ.

ಅರೋರಾ

ಮಾರನೆಯ ದಿನ ತಟ್ಟೆಯನ್ನು ಇಟ್ಟಲ್ಲಿಂದಲೇ ತೆಗೆದುಕೊಂಡೆ. ಅದನ್ನು ಯಾರೂ ಮುಟ್ಟಿರಲಿಲ್ಲ. ಸೇಬು ಕೂಡ ಹಾಗೇ ಇದ್ದವು. ಡೇಕೇರ್ ಮುಚ್ಚಿದ ಮೇಲೆ ಮಿಸ್ ಮಾರ್ವಾ ತಮ್ಮ ಕಾರಿನಲ್ಲೇ ನಮ್ಮಿಬ್ಬರನ್ನೂ ವಕೀಲರಿದ್ದ ಅರೋರಾಕ್ಕೆ ಕರೆದೊಯ್ದರು. ಸಿಟ್ಟಾಗಿದ್ದಾರೆಂದು ಗೊತ್ತಾಗುತ್ತಿತ್ತು. ಆದರೂ ಸೀಟಿನ ಬೆಲ್ಟು ನನಗೆ ಸಿಗದಿದ್ದಾಗ ಅವರೇ ಬಗ್ಗಿ ಸಿಕ್ಕಿಸಿದರು, ಕಾಲಿಗೆ ಬಿಸಿಗಾಳಿ ಬರುತ್ತಿದೆಯೇ ಎಂದು ಕೇಳಿದರು. ಬೈಯುವವರು ಬೈದುಬಿಟ್ಟರೆ ಎಷ್ಟೋ ವಾಸಿ.

ಅರೋರಾ ಊರು ಮನಸ್ಸಿಗೆ ಹಿಡಿಸುವಂಥದ್ದು. ಯಂಗ್ ಸ್ಟ್ರೀಟ್ ಎಂಬ ಉದ್ದನೆಯ ಬೀದಿ, ಅದರ ಎರಡೂ ಬದಿಗೆ ಇಟ್ಟಿಗೆಯ ಹಳೆಯ ಮನೆಗಳು, ಮುಂದೆ ಮರದ ಜಗಲಿ. ಸಿಗ್ನಲ್ ಇಲ್ಲದ ಒಂದು ಚೌಕದಲ್ಲಿ ನಾಲ್ಕು ಕಡೆಯಿಂದಲೂ ಕಾರು ಬಂದು ನಿಂತವು. ಮೊದಲು ಬಂದವರು ಮೊದಲು ಹೋದರು, ಅನುಮಾನ ಬಂದವರು ಒಬ್ಬರಿಗೊಬ್ಬರು ನೀವು ಹೋಗಿ ಎಂದು ಕೈಸನ್ನೆ ಮಾಡಿದರು. ಪೊಲೀಸಿಲ್ಲ, ಕ್ಯಾಮೆರಾ ಇಲ್ಲ. ಇನ್ನೊಂದು ದಿನವಾಗಿದ್ದರೆ ಇಳಿದು ನಿಂತು ನೋಡುತ್ತಿದ್ದೆ.

ವಕೀಲರು ಅಂಥದೇ ಒಂದು ಹಳೆಯ ಮನೆಯಲ್ಲಿ ಕಚೇರಿ ಮಾಡಿಕೊಂಡಿದ್ದ ನಡುವಯಸ್ಸಿನ ಹೆಂಗಸು. ನಡೆದದ್ದನ್ನು ನನ್ನ ಬಾಯಿಂದಲೇ ಕೇಳಿದರು. ಹೇಳಿ ಮುಗಿಸಿ, ನನಗೆ ತೋಚಿದ ಉಪಾಯವನ್ನೂ ಮುಂದಿಟ್ಟೆ. ಕಂಡವರು ನಾವು ಮೂರೇ ಜನ, ಬೆಳ್ಳಿ ನನ್ನ ಚೀಲ ಸೇರಿದೆ, ಏನೂ ನಡೆದೇ ಇಲ್ಲ ಎಂದುಕೊಂಡರೆ ಆಗದೇ? ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಉತ್ತರ ಕೊಟ್ಟದ್ದು ಮಿಸ್ ಮಾರ್ವಾ.

"ಈ ಕೆಲಸಕ್ಕೆ ಏನಾದರೂ ಪಡೆದಿರಾ ಎಂದು ಅವರು ಕೇಳಿದಾಗ ನಾನು ಇಲ್ಲ ಅನ್ನಬೇಕು. ಆ ಇಲ್ಲ ನಿಜವಾದ ಇಲ್ಲ ಆಗಿರಬೇಕು. ಒಂದು ವಿಷಯ ಮುಚ್ಚಿಟ್ಟರೆ ನನ್ನ ಉಳಿದ ಮಾತನ್ನು ಅವರು ಯಾಕೆ ನಂಬಬೇಕು? ಚೈತ್ರಾಳಿಗೆ ಇರುವುದು ನನ್ನ ಮಾತೊಂದೇ."

ವಕೀಲರು ಕೈಬಿಡಿ ಎನ್ನಲಿಲ್ಲ. ಕೊಟ್ಟದ್ದು ನಿಜ, ತೆಗೆದುಕೊಳ್ಳದೆ ಇದ್ದದ್ದೂ ನಿಜ, ಕೇಳಿದರೆ ಎರಡನ್ನೂ ಹೇಳಿ ಎಂದರು. ಕೇಳುವ ಅಧಿಕಾರಿ ಅದನ್ನು ಹೇಗೆ ತೆಗೆದುಕೊಳ್ಳುತ್ತಾರೋ ತಾನು ಹೇಳಲಾರೆ ಎಂದೂ ಸೇರಿಸಿದರು. ಚೈತ್ರಾ ತಲೆಯಾಡಿಸಿದಳು.

ವಾಪಸು ಹೊರಟಾಗ ಮಿಸ್ ಮಾರ್ವಾ ದೊಡ್ಡ ರಸ್ತೆಗೆ ಹೋಗದೆ ಒಂದು ಒಳಬೀದಿಗೆ ತಿರುಗಿ, ಬಿಳಿಯ ಬಾಗಿಲಿನ ಒಂದು ಮನೆಯೆದುರು ಕಾರು ನಿಲ್ಲಿಸಿದರು. ಆ ಮನೆಯಲ್ಲಿ ತಾವು ಮಕ್ಕಳನ್ನು ನೋಡಿಕೊಳ್ಳುವ ಕೆಲಸಕ್ಕಿದ್ದುದಾಗಿ ಹೇಳಿದರು. ಆಗ ಅವರು ಇಪ್ಪತ್ತರ ಹರೆಯದವರು. ಅವರ ಪರ್ಮಿಟ್ಟಿನಲ್ಲೂ ಒಂದೇ ಹೆಸರಿತ್ತು, ಆ ಮನೆಯೊಡತಿಯದು. ಕೆಲಸದ ಹೊತ್ತು ಮುಗಿದ ಮೇಲೂ ಕರೆದರೆ ಹೋಗಬೇಕು, ರಜಾ ಕೇಳಲು ಹೆದರಿಕೆ. ಎದುರು ಮಾತಾಡಿದರೆ ವಿಮಾನ ಹತ್ತಿಸುತ್ತಾರೆ ಎಂಬ ಭಯದಲ್ಲೇ ದಿನ ಕಳೆದರಂತೆ.

"ಪ್ರತಿ ಕ್ರಿಸ್‌ಮಸ್‌ಗೂ ನಾನು ಆಕೆಗೆ ಒಳ್ಳೆಯ ಉಡುಗೊರೆ ಕೊಡುತ್ತಿದ್ದೆ. ಪ್ರೀತಿಯಿಂದಲ್ಲ, ಭಯದಿಂದ. ನಿನ್ನೆ ನಿಮ್ಮ ತಟ್ಟೆ ನೋಡಿದಾಗ, ನಾನೂ ಆಕೆಯ ಹಾಗೆ ಆಗಿಬಿಟ್ಟೆನೇ ಅನ್ನಿಸಿತು."

ನಾನು, ಅದು ಭಯದ ಬೆಳ್ಳಿಯಲ್ಲ, ನನ್ನ ತಂಗಿಯ ಪ್ರೀತಿ ಎಂದೆ. ಅದು ಗೊತ್ತು, ನಿಮ್ಮ ತಂಗಿಗೆ ನನ್ನ ಪ್ರೀತಿ ತಿಳಿಸಿ, ಅದಕ್ಕೆ ತಟ್ಟೆ ಬೇಕಾಗಿಲ್ಲ ಎಂದರು. ಆ ಸಂಜೆ ಅವರ ಬಗ್ಗೆ ನನ್ನಲ್ಲಿ ಹುಟ್ಟಿದ ಗೌರವ ಬಹಳ ದೊಡ್ಡ ಮನುಷ್ಯರೆನಿಸಿಕೊಂಡವರ ಮುಂದೆಯೂ ನನಗೆ ಹುಟ್ಟಿದ್ದಿಲ್ಲ.

ಮತ್ತೆ ರೆಕ್ಸ್‌ಡೇಲ್

ಆಮೇಲಿನ ವಾರಗಳು ಕಾಯುವುದರಲ್ಲೇ ಕಳೆದವು. ಹಿಮ ಕರಗಿ, ಬೇಸ್‌ಮೆಂಟಿನ ಕಿಟಕಿಯಲ್ಲಿ ಬೂಟಿನ ಬದಲು ಶೂ ಕಾಣತೊಡಗಿದವು. ಒಂದು ಮಧ್ಯಾಹ್ನ ಅಧಿಕಾರಿಯೊಬ್ಬರು ಡೇಕೇರಿಗೆ ಫೋನ್ ಮಾಡಿ ಚೈತ್ರಾಳ ಕೆಲಸದ ಬಗ್ಗೆ ವಿಚಾರಿಸಿದರಂತೆ. ಆ ಪ್ರಶ್ನೆಯೂ ಬಂತಂತೆ. ಮಿಸ್ ಮಾರ್ವಾ ಇಲ್ಲ ಎಂದು ಹೇಳಿ, ಅಲ್ಲಿಗೇ ಬಿಡದೆ ನನ್ನ ತಟ್ಟೆ, ಭರಣಿ, ಸೇಬು ಎಲ್ಲದರ ಕಥೆಯನ್ನೂ ಹೇಳಿದರಂತೆ. ಎಲ್ಲ ಕೇಳಿಸಿಕೊಂಡ ಅಧಿಕಾರಿ, ಆ ಅಂಕಲ್‌ಗೆ ಈಗ ವಿಷಯ ಅರ್ಥವಾಗಿದೆಯೇ ಎಂದು ಕೇಳಿದರಂತೆ. ಚೆನ್ನಾಗಿ ಅರ್ಥವಾಗಿದೆ ಎಂದು ಇವರು ಹೇಳಿದರಂತೆ. ತಿಪಟೂರಿನಲ್ಲೇ ಯಾರೂ ವಿಚಾರಿಸದ ನನ್ನನ್ನು ಕೆನಡಾ ಸರ್ಕಾರ ವಿಚಾರಿಸಿಕೊಂಡಿತು.

ಮೇ ತಿಂಗಳು ಕಾಲಿಟ್ಟ ಮೊದಲ ಶುಕ್ರವಾರ ಸುದ್ದಿ ಬಂತು. ಪಿಆರ್ ಆಗಿದೆ. ಚೈತ್ರಾ ಬೇಸ್‌ಮೆಂಟಿನ ಮೆಟ್ಟಿಲ ಮೇಲೇ ಕೂತು ಗಿರಿಜೆಗೆ ಫೋನ್ ಮಾಡಿದಳು. ಅತ್ತ ಅವಳು, ಇತ್ತ ಇವಳು, ಇಬ್ಬರದೂ ಮಾತಿಗಿಂತ ಅಳುವೇ ಹೆಚ್ಚು. ನನಗೂ ಕಣ್ಣು ತುಂಬಿತು, ಮುಚ್ಚಿಡುವುದೇಕೆ.

ಕಣ್ಣೊರೆಸಿಕೊಂಡ ಮೇಲೆ ಚೈತ್ರಾ ಸಂಜೆ ಮಿಸ್ ಮಾರ್ವಾ ಹೇಳಿ ಕಳಿಸಿದ ಮಾತನ್ನು ನನಗೆ ಹೇಳಿದಳು.

"ಇವತ್ತಿಂದ ನೀನು ಫ್ರೀ, ನನ್ ಹತ್ರಾನೇ ಇರ್ಬೇಕು ಅಂತಿಲ್ಲ ಅಂದ್ರು ಮಾವ. ವೀಕೆಂಡ್ ಪೂರ್ತಿ ಯೋಚ್ನೆ ಮಾಡು, ಮಂಡೇ ಬಂದ್ರೆ ನಿನ್ ಇಷ್ಟಕ್ಕೆ ಬಾ, ಬರ್ದಿದ್ರೆ ನಾನ್ ಫೋನ್ ಮಾಡಿ ಕೇಳಲ್ಲ ಅಂದ್ರು."

ಬ್ರ್ಯಾಂಪ್ಟನ್ನಿನಲ್ಲೇ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಒಂದು ದೊಡ್ಡ ಡೇಕೇರಿನವರು ಅವಳನ್ನು ಬಹಳ ದಿನದಿಂದ ಕರೆಯುತ್ತಿದ್ದರಂತೆ. ಸಂಬಳ ಹೆಚ್ಚು, ಚಳಿಯಲ್ಲಿ ಎರಡು ಬಸ್ಸಿಗೆ ಕಾಯುವುದು ತಪ್ಪುತ್ತದೆ. ನನ್ನನ್ನು ಕೇಳಿದ್ದರೆ ಮಿಸ್ ಮಾರ್ವಾ ಅವರನ್ನು ಬಿಡಬೇಡ ಎಂದು ಹೇಳಿಬಿಡುತ್ತಿದ್ದೆ. ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಕೇಳದೆ ಮಾಡುವ ಉಪಕಾರ ಎಲ್ಲಿಗೆ ಮುಟ್ಟುತ್ತದೆಂದು ನನಗೆ ಪಾಠವಾಗಿತ್ತು. ಶನಿವಾರ ಅವಳು ಬಟ್ಟೆ ಒಗೆದಳು, ಭಾನುವಾರ ಅಕ್ಕಿರೊಟ್ಟಿ ತಟ್ಟಿದಳು.

ಸೋಮವಾರ ಬೆಳಿಗ್ಗೆ ಅವಳು ಎದ್ದು ತಯಾರಾಗಿ, ಮಾವ ಬರ್ತೀರಾ ಎಂದಳು. ಎಲ್ಲಿಗೆ ಎಂದು ಕೇಳದೆ ಹಿಂದೆ ಹೊರಟೆ. ಅವಳು ರೆಕ್ಸ್‌ಡೇಲಿನ ಬಸ್ಸು ಹತ್ತಿದಾಗ ನನಗೆ ಜೀವ ಬಂದಂತಾಯಿತು.

ಬಸ್ಸು ಕೊನೆಯ ತಿರುವು ತಿರುಗಿದಾಗ ಮುಂದಿನ ಗಾಜಿನಿಂದ ನಿಲ್ದಾಣ ಕಂಡಿತು. ಅಲ್ಲಿ ಮಿಸ್ ಮಾರ್ವಾ ನಿಂತಿದ್ದರು. ಅವರು ಬರುವುದು ತಮ್ಮ ಕಾರಿನಲ್ಲಿ, ಅವರಿಗೆ ಬಸ್ ನಿಲ್ದಾಣದಲ್ಲಿ ಕೆಲಸವೇ ಇಲ್ಲ. ಮೇ ತಿಂಗಳಾದರೂ ಬೆಳಗಿನ ಗಾಳಿ ಕೊರೆಯುತ್ತಿತ್ತು, ಮೈಮೇಲೆ ಕೋಟಿರಲಿಲ್ಲ. ಇಷ್ಟು ವರ್ಷ ಕಾದವಳು ಚೈತ್ರಾ, ಆ ಬೆಳಿಗ್ಗೆ ಕಾಯುತ್ತಿದ್ದವರು ಅವರು.

ಚೈತ್ರಾ ಇಳಿದಳು. ಮಿಸ್ ಮಾರ್ವಾ ಅವಳನ್ನೇ ನೋಡಿ, "ಬಂದೆಯಾ?" ಎಂದರು.

"ಬಂದೆ. ಆದರೆ ನನಗೆ ಒಂದು ತಿಂಗಳು ರಜಾ ಬೇಕು. ಅಮ್ಮನನ್ನು ನೋಡಬೇಕು."

"ನಾಲ್ಕು ವರ್ಷಕ್ಕೆ ಒಂದು ತಿಂಗಳು ಸಾಲುವುದಿಲ್ಲ, ಎರಡು ತೆಗೆದುಕೋ" ಎಂದು ಅವರು ತಟ್ಟನೆ ತಿರುಗಿ ಡೇಕೇರಿನ ಕಡೆ ನಡೆದರು. ನಾವು ಹಿಂದೆ ಹೋದೆವು. ಬಾಗಿಲ ಮುಂದೆ ನಿಂತು ಅವರು ಚೀಲದಲ್ಲಿ ಕೀಲಿ ಹುಡುಕಿದರು. ಕಣ್ಣು ಮಂಜಾಗಿತ್ತೋ, ಕೈ ಚಳಿಗೆ ಮರಗಟ್ಟಿತ್ತೋ, ಎಷ್ಟು ಹುಡುಕಿದರೂ ಸಿಗಲಿಲ್ಲ. ಚೈತ್ರಾ ಅವರನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ, ತನ್ನ ಬಳಿಯಿದ್ದ ಕೀಲಿಯಿಂದ ಬಾಗಿಲು ತೆರೆದಳು.